ಸಾಯದ ಸೊಳ್ಳೆಯ ಬೆನ್ನು ಹತ್ತಿ: ಜೀನ್ ಅಭಿವ್ಯಕ್ತಿ ಅಳೆಯುವ ಕೆಲಸದಲ್ಲಿ ನನ್ನ ಅನುಭವ

ಕೀಟನಾಶಕ ಲೇಪಿಸಿದ ಕಾಗದದ ಮೇಲೆ ಒಂದು ಗಂಟೆ ಕಳೆದ ಸೊಳ್ಳೆ ಮರುದಿನವೂ ಏನೂ ಆಗದಂತೆ ಹಾರಾಡುತ್ತಿದ್ದರೆ ಅದರ ಮೈಯೊಳಗೆ ಏನು ನಡೆದಿದೆ ಎಂದು ಪತ್ತೆ ಹಚ್ಚುವುದು ನನ್ನ ಕೆಲಸ. ನಾನು ಕೂರುವುದು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ. ಸೊಳ್ಳೆಗಳು ಬರುವುದು ಬಹುಪಾಲು ಮಂಗಳೂರಿನಿಂದ. ಒಂದು ಸೊಳ್ಳೆಯ ಎಲ್ಲ ಜೀವಕೋಶಗಳಲ್ಲೂ ಇರುವ ಡಿಎನ್‌ಎ ಒಂದೇ. ಆದರೆ ಯಾವ ಜೀನು ಯಾವ ಹೊತ್ತಿನಲ್ಲಿ, ಯಾವ ಅಂಗದಲ್ಲಿ, ಎಷ್ಟು ಆರ್‌ಎನ್‌ಎ ಪ್ರತಿಗಳನ್ನು ಹೊರಡಿಸುತ್ತಿದೆ ಎಂಬುದು ಗಳಿಗೆಗೊಂದು ಬಗೆ. ಆ ಪ್ರತಿಗಳನ್ನು ಅಳೆಯುವುದೇ ಜೀನ್ ಅಭಿವ್ಯಕ್ತಿಯ ಅಧ್ಯಯನ. ಅಳತೆ ಈಗ ಕಷ್ಟದ ಮಾತಲ್ಲ. ಹಣ ಕಟ್ಟಿದರೆ ಯಂತ್ರ ಎಣಿಸಿ ಕೊಡುತ್ತದೆ. ಆ ಎಣಿಕೆಯಲ್ಲಿ ಕಂಡ ಏರುಪೇರು ನಿಜಕ್ಕೂ ಕೀಟನಾಶಕಕ್ಕೆ ಸಂಬಂಧಿಸಿದ್ದೇ, ಇಲ್ಲವೇ ಸೊಳ್ಳೆಗೆ ವಯಸ್ಸಾದದ್ದರಿಂದಲೋ, ಹೊಟ್ಟೆ ತುಂಬಿದ್ದರಿಂದಲೋ, ಸಂಜೆಯಾದದ್ದರಿಂದಲೋ ಬಂದದ್ದೇ ಎಂದು ಖಾತ್ರಿ ಮಾಡಿಕೊಳ್ಳುವುದರಲ್ಲೇ ನಮ್ಮ ಹೆಚ್ಚಿನ ಸಮಯ ಹೋಗುತ್ತದೆ. ಪ್ರಬಂಧಗಳಲ್ಲಿ ಇದಕ್ಕೆ ಸಿಗುವುದು ಎರಡು ಸಾಲು. ಇಲ್ಲಿ ಅದನ್ನೇ ಬಿಡಿಸಿ ಬರೆಯುತ್ತೇನೆ.

ಮಂಗಳೂರು ಏಕೆ ಎನ್ನುವುದನ್ನು ಕನ್ನಡದ ಓದುಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. 1990ರ ದಶಕದಿಂದ ಈಚೆಗೆ ರಾಜ್ಯದ ನಗರ ಮಲೇರಿಯಾ ಎಂದರೆ ಮೊದಲು ಬಾಯಿಗೆ ಬರುವ ಹೆಸರು ಅದು. ಬಹುಮಹಡಿ ಕಟ್ಟಡಗಳು ಏಳುತ್ತಿದ್ದಂತೆ ಕಾಂಕ್ರೀಟ್ ಕ್ಯೂರಿಂಗ್‌ಗೆ ಕಟ್ಟಿ ನಿಲ್ಲಿಸಿದ ನೀರು, ಲಿಫ್ಟ್ ಗುಂಡಿ, ಮುಚ್ಚಳವಿಲ್ಲದ ತೊಟ್ಟಿ, ಬಳಕೆಯಿಲ್ಲದ ಬಾವಿ, ಇವೆಲ್ಲ ಅನಾಫಿಲಿಸ್ ಸ್ಟೀಫನ್ಸಿ ಸೊಳ್ಳೆಗೆ ಒದಗಿಬಂದವು. ಚರಂಡಿಯ ಕೊಳಕು ನೀರು ಅದಕ್ಕೆ ಅಷ್ಟಾಗಿ ಹಿಡಿಸದು. ನಾವು ಕುಡಿಯಲು ಕೂಡಿಟ್ಟ ತಿಳಿನೀರೇ ಬೇಕು. 1901ರಲ್ಲಿ ಲಿಸ್ಟನ್ ವರ್ಣಿಸಿದ ಈ ಪ್ರಭೇದದಲ್ಲಿ ಒಂದಕ್ಕಿಂತ ಹೆಚ್ಚು ಬಗೆಗಳಿವೆ ಎಂದು 1937ರಲ್ಲಿ ತೋರಿಸಿಕೊಟ್ಟವರು ಹಳೆಯ ಮೈಸೂರು ಸೀಮೆಯಲ್ಲಿ ಕೆಲಸ ಮಾಡುತ್ತಿದ್ದ ಸ್ವೀಟ್ ಮತ್ತು ರಾವ್. ಮೊಟ್ಟೆಯ ಎರಡು ಪಕ್ಕಕ್ಕಿರುವ ತೇಲುಪಟ್ಟಿಗಳಲ್ಲಿ ಎಷ್ಟು ಗೆರೆಗಳಿವೆ ಎಂದು ಎಣಿಸಿ ಅವರು ಬಗೆಗಳನ್ನು ಬೇರ್ಪಡಿಸಿದರು. ಗೆರೆ ಕಡಿಮೆ ಇರುವ ಹಳ್ಳಿಗಾಡಿನ ಬಗೆಗೆ ಮೈಸೂರೆನ್ಸಿಸ್ ಎಂಬ ಹೆಸರೇ ಉಳಿದಿದೆ. ನಗರದಲ್ಲಿ ಮಲೇರಿಯಾ ಹರಡುವುದು ಹೆಚ್ಚು ಗೆರೆಗಳ ಮೂಲ ಬಗೆ. ಹೊಸ ಮಾದರಿ ಬಂದಾಗ ಇಂದಿಗೂ ನಾವು ಮೊದಲು ಸೂಕ್ಷ್ಮದರ್ಶಕದ ಕೆಳಗೆ ಈ ಗೆರೆಗಳನ್ನೇ ಎಣಿಸುತ್ತೇವೆ. ತೊಂಬತ್ತು ವರ್ಷಗಳಿಗೆ ಹತ್ತಿರವಾದ ವಿಧಾನ, ಖರ್ಚು ಸೊನ್ನೆ.

ಮಂಗಳೂರಿನ ಸ್ಟೀಫನ್ಸಿ ಪೈರೆಥ್ರಾಯ್ಡ್ ಎಂಬ ಗುಂಪಿನ ಕೆಲವು ಸಂಶ್ಲೇಷಿತ ಕೀಟನಾಶಕಗಳಿಗೆ ಮೊದಲಿನಂತೆ ಮಣಿಯುತ್ತಿಲ್ಲ ಎಂಬ ವರದಿ ವಿಜ್ಞಾನ ಪತ್ರಿಕೆಯಲ್ಲಿ 2010ರಲ್ಲೇ ಬಂದಿತ್ತು. ಸೊಳ್ಳೆಪರದೆಗೆ ಹಚ್ಚುವುದೂ, ನಾವು ಮನೆಯಲ್ಲಿ ಸುರುಳಿ, ದ್ರವ, ಸ್ಪ್ರೇ ಎಂದು ಬಳಸುವುದೂ ಬಹುತೇಕ ಇದೇ ಗುಂಪಿನ ರಾಸಾಯನಿಕಗಳು. ನನ್ನ ಕೆಲಸ ಆರಂಭವಾಗುವುದು ಈ ವರದಿ ನಿಲ್ಲಿಸಿದ ಜಾಗದಿಂದ: ಸಾಯುತ್ತಿಲ್ಲ, ಸರಿ, ಏಕೆ ಸಾಯುತ್ತಿಲ್ಲ?

ಸಂಗ್ರಹದಿಂದ ಹೇಳುತ್ತೇನೆ. ವಯಸ್ಕ ಸೊಳ್ಳೆಗಳನ್ನು ಬೆನ್ನಟ್ಟುವುದು ನಗರದಲ್ಲಿ ವ್ಯರ್ಥ ಶ್ರಮ, ಮರಿಗಳನ್ನು ಹಿಡಿಯುತ್ತೇವೆ. ಅನಾಫಿಲಿಸ್ ಮರಿಗೆ ಉಸಿರುಕೊಳವೆ ಇಲ್ಲದ್ದರಿಂದ ಅದು ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುತ್ತದೆ. ಡೆಂಗಿ ಹರಡುವ ಈಡಿಸ್ ಮರಿ ತಲೆಕೆಳಗಾಗಿ ಓರೆಯಾಗಿ ನೇತಾಡುತ್ತದೆ. ಕಣ್ಣು ಪಳಗಿದ ಮೇಲೆ ತೊಟ್ಟಿಯ ಅಂಚಿನಲ್ಲಿ ನಿಂತೇ ಹೇಳಬಹುದು. ಆದರೆ ನಮ್ಮ ನೆರಳು ನೀರಿನ ಮೇಲೆ ಬಿದ್ದರೆ ಸಾಕು, ಎಲ್ಲವೂ ಒಮ್ಮೆಗೇ ತಳಕ್ಕೆ ಇಳಿಯುತ್ತವೆ. ಆಗ ಸೌಟು ಹಿಡಿದು ಅಲುಗಾಡದೆ ಕಾಯಬೇಕು. ಉಸಿರಿಗಾಗಿ ಮೇಲೆ ಬರಲೇಬೇಕಲ್ಲ. ಈ ವಿದ್ಯೆಯಲ್ಲಿ ಅಲ್ಲಿನ ಮಲೇರಿಯಾ ಕಾರ್ಯಕರ್ತರ ಮುಂದೆ ನಮ್ಮ ಪಿಎಚ್‌ಡಿ ಪದವಿಗಳು ಏನೂ ಅಲ್ಲ. ಯಾವ ಕಟ್ಟಡದ ಎಷ್ಟನೆಯ ಮಹಡಿಯಲ್ಲಿ ಕಳೆದ ವಾರ ಕ್ಯೂರಿಂಗ್ ಆರಂಭವಾಯಿತು, ಯಾವ ಕಾವಲುಗಾರ ಮೇಲೆ ಹತ್ತಲು ಬಿಡುತ್ತಾನೆ, ಯಾವ ಮಾಲೀಕರ ಬಳಿ ಯಾವ ಮಾತು ಆಡಬೇಕು, ಎಲ್ಲವೂ ಅವರಿಗೆ ಬಾಯಿಪಾಠ.

ತಂದ ಮರಿಗಳನ್ನು ಬೆಳೆಸಿ, ಬಂದ ವಯಸ್ಕ ಸೊಳ್ಳೆಗಳ ಆರ್‌ಎನ್‌ಎಯನ್ನು ನೇರವಾಗಿ ತೆಗೆಯಬಹುದಲ್ಲವೇ ಎಂದು ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಕೇಳುತ್ತಾರೆ. ತೆಗೆಯಬಹುದು, ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ. ಒಂದು ತೊಟ್ಟಿಯ ಮರಿ ಪಾಚಿ ತಿಂದು ಬೆಳೆದಿರುತ್ತದೆ, ಇನ್ನೊಂದು ಅರೆಹೊಟ್ಟೆಯಲ್ಲಿರುತ್ತದೆ, ಮೂರನೆಯದು ಮರಿಗಳನ್ನು ಕೊಲ್ಲಲೆಂದು ಹಿಂದಿನ ವಾರ ಹಾಕಿದ ಟೆಮೆಫಾಸ್ ಎಂಬ ಕೀಟನಾಶಕದ ದ್ರಾವಣದಲ್ಲಿ ಬದುಕಿ ಉಳಿದಿರುತ್ತದೆ. ಈ ಎಲ್ಲ ಚರಿತ್ರೆಯೂ ಆರ್‌ಎನ್‌ಎಯಲ್ಲಿ ಕಾಣುತ್ತದೆ. ಆದ್ದರಿಂದ ಮೊದಲ ಪೀಳಿಗೆಯನ್ನು ವಂಶವೃದ್ಧಿಗೆ ಬಿಟ್ಟು, ಅವುಗಳ ಮಕ್ಕಳ ಮೇಲೆ ಪ್ರಯೋಗ ಮಾಡುತ್ತೇವೆ. ಸ್ಟೀಫನ್ಸಿಯ ಒಂದು ಉಪಕಾರವನ್ನು ಒಪ್ಪಿಕೊಳ್ಳಲೇಬೇಕು: ಸಣ್ಣ ಪಂಜರದಲ್ಲಿಯೂ ಸಂಕೋಚವಿಲ್ಲದೆ ಕೂಡುತ್ತದೆ. ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಕುಲಿಸಿಫೇಸಿಸ್ ಸೊಳ್ಳೆಯನ್ನು ಪ್ರಯೋಗಾಲಯದಲ್ಲಿ ಸಾಕಲು ಹೊರಟವರನ್ನು ಕೇಳಿದರೆ ಈ ಉಪಕಾರದ ಬೆಲೆ ತಿಳಿಯುತ್ತದೆ. ತಾಯಿ ಸೊಳ್ಳೆಗಳಿಗೆ ಗಾಜಿನ ಬಟ್ಟಲಿನ ಕೆಳಗೆ ಬಿಗಿದ ತೆಳು ಪೊರೆಯ ಮೂಲಕ, ಸುತ್ತ ಬಿಸಿನೀರು ಹರಿಸಿ ಮೈಬಿಸಿಗೆ ತಂದ ರಕ್ತ ಕುಡಿಸುತ್ತೇವೆ. ಮೊಟ್ಟೆಯಿಂದ ಹೊರಟ ಮರಿಗಳನ್ನು ತಟ್ಟೆಗೆ ಇಂತಿಷ್ಟೇ ಎಂದು ಎಣಿಸಿ ಹಾಕಬೇಕು. ಕಿಕ್ಕಿರಿದ ತಟ್ಟೆಯಲ್ಲಿ ಬೆಳೆದ ಮರಿ ಕುಳ್ಳ ಸೊಳ್ಳೆಯಾಗುತ್ತದೆ, ಕುಳ್ಳ ಸೊಳ್ಳೆ ಕಡಿಮೆ ವಿಷಕ್ಕೆ ಸಾಯುತ್ತದೆ. ಕೊಠಡಿಯ ಉಷ್ಣತೆ 27 ಡಿಗ್ರಿ, ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆ. ಹೋಲಿಕೆಗಾಗಿ ದಶಕಗಳಿಂದ ಕೀಟನಾಶಕ ಸೋಕಿಸದೆ ಸಾಕಿದ ಪ್ರಯೋಗಾಲಯದ ತಳಿಯನ್ನೂ ಪಕ್ಕದ ತಟ್ಟೆಗಳಲ್ಲಿ, ಅದೇ ಆಹಾರ ಕೊಟ್ಟು ಬೆಳೆಸುತ್ತೇವೆ.

ಇನ್ನು ಪರೀಕ್ಷೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ಲಾಸ್ಟಿಕ್ ಕೊಳವೆಗಳನ್ನು ನೋಡಿದವರಿಗೆ ಅದರ ಬಣ್ಣದ ಚುಕ್ಕೆಗಳು ನೆನಪಿರುತ್ತವೆ: ಕೆಂಪು ಚುಕ್ಕೆಯದರಲ್ಲಿ ವಿಷದ ಕಾಗದ, ಹಳದಿಯದರಲ್ಲಿ ಬರೀ ಎಣ್ಣೆಯ ಕಾಗದ, ಹಸಿರಿನದು ವಿಶ್ರಾಂತಿಗೆ. ರಕ್ತ ಕುಡಿಯದ, ಮೂರರಿಂದ ಐದು ದಿನ ವಯಸ್ಸಿನ ಇಪ್ಪತ್ತೈದು ಹೆಣ್ಣುಗಳನ್ನು ಹೀರುಕೊಳವೆಯಿಂದ ಎಳೆದು ಮೊದಲು ಹಸಿರಿಗೆ ಊದಬೇಕು. ಕಾಲು ಮುರಿದದ್ದು, ರೆಕ್ಕೆ ಹರಿದದ್ದು ಇದ್ದರೆ ಅಲ್ಲೇ ತೆಗೆಯಬೇಕು. ನಂತರ ನಡುವಿನ ಬಾಗಿಲು ಸರಿಸಿ ಕೆಂಪು ಕೊಳವೆಗೆ ದಾಟಿಸಬೇಕು. 0.05 ಶೇಕಡಾ ಡೆಲ್ಟಾಮೆಥ್ರಿನ್ (ಇದೂ ಒಂದು ಪೈರೆಥ್ರಾಯ್ಡ್) ಮೇಲೆ ಒಂದು ಗಂಟೆ. ಕೆಲವು ಹತ್ತು ನಿಮಿಷಕ್ಕೇ ಅಂಗಾತ ಬಿದ್ದು ಕಾಲು ಅದುರಿಸುತ್ತವೆ, ಆದರೆ ಬಿದ್ದದ್ದೆಲ್ಲ ಸತ್ತದ್ದಲ್ಲ. ರಾತ್ರಿಯೊಳಗೆ ಚೇತರಿಸಿಕೊಂಡು ಸಕ್ಕರೆ ನೀರಿನ ಹತ್ತಿಯ ಮೇಲೆ ಕುಳಿತಿರುತ್ತವೆ. ಆದ್ದರಿಂದ ಲೆಕ್ಕ 24 ಗಂಟೆಗಳ ನಂತರವೇ. ನೂರಕ್ಕೆ 98 ಅಥವಾ ಅದಕ್ಕಿಂತ ಹೆಚ್ಚು ಸತ್ತರೆ ಔಷಧ ಇನ್ನೂ ಕೆಲಸ ಮಾಡುತ್ತಿದೆ, 90ಕ್ಕಿಂತ ಕಡಿಮೆಯಾದರೆ ನಿರೋಧಕತೆ ಖಚಿತ, ನಡುವಿನದು ಅನುಮಾನ.

ಇಲ್ಲಿ ಒಂದು ಪೇಚಿದೆ. ಸತ್ತವುಗಳನ್ನೂ ಉಳಿದವುಗಳನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದು ಸಹಜವಾದ ಯೋಚನೆ. ಡಿಎನ್‌ಎ ಪರೀಕ್ಷೆಗೆ ಅದು ನಡೆಯುತ್ತದೆ. ಆರ್‌ಎನ್‌ಎಗೆ ನಡೆಯುವುದಿಲ್ಲ, ಏಕೆಂದರೆ ಸಾಯುತ್ತಿರುವ ಸೊಳ್ಳೆಯಲ್ಲಿ ಆರ್‌ಎನ್‌ಎ ಕರಗಿ ಹೋಗುತ್ತದೆ; ಬೆಳಿಗ್ಗೆ ಸಿಕ್ಕ ಶವದಲ್ಲಿ ಅಳೆಯಲು ಏನೂ ಉಳಿದಿರುವುದಿಲ್ಲ. ಹಾಗಾದರೆ ಬದುಕಿದ್ದನ್ನು ಯಾರೊಂದಿಗೆ ಹೋಲಿಸುವುದು? ವಿಷವನ್ನೇ ಕಾಣದ ಅದರ ಒಡಹುಟ್ಟಿದವರೊಂದಿಗೆ ಹೋಲಿಸಿದರೆ, ವಿಷ ತಗುಲಿದ ಮೇಲೆ ಎಚ್ಚರಗೊಂಡ ಜೀನುಗಳೂ ಮೊದಲೇ ಎಚ್ಚರವಿದ್ದವುಗಳೂ ಕಲಸಿಕೊಳ್ಳುತ್ತವೆ. ಪ್ರಯೋಗಾಲಯದ ಸಾಧು ತಳಿಯೊಂದಿಗೆ ಹೋಲಿಸಿದರೆ, ದಶಕಗಳ ಪಂಜರವಾಸದಲ್ಲಿ ಅದು ಇನ್ನು ನೂರು ವಿಷಯಗಳಲ್ಲಿ ಬೇರೆಯಾಗಿರುತ್ತದೆ. ನಾವು ಮೂರನ್ನೂ ಇಟ್ಟುಕೊಳ್ಳುತ್ತೇವೆ: ಬದುಕುಳಿದದ್ದು, ವಿಷ ಕಾಣದ ಅದರ ಬಂಧು, ಸಾಧು ತಳಿ. ಎರಡೂ ಹೋಲಿಕೆಗಳಲ್ಲಿ ಒಂದೇ ದಿಕ್ಕಿಗೆ ವಾಲಿದ ಜೀನನ್ನು ಮಾತ್ರ ಮುಂದಕ್ಕೆ ಒಯ್ಯುತ್ತೇವೆ. ಪಟ್ಟಿ ಚಿಕ್ಕದಾಗುತ್ತದೆ, ಚಿಕ್ಕದಾಗಲಿ ಎಂದೇ ಮಾಡುವುದು.

ಗಡಿಯಾರದ ವಿಚಾರವನ್ನು ನಾನು ಯಾರ ಬಳಿಯೂ ರಾಜಿ ಮಾಡಿಕೊಳ್ಳುವುದಿಲ್ಲ. ಆಫ್ರಿಕಾದ ಅನಾಫಿಲಿಸ್ ಗ್ಯಾಂಬಿಯೇ ಮೇಲೆ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹಗಲಿರುಳಿನ ಲಯಕ್ಕೆ ತಕ್ಕಂತೆ ಏರಿಳಿಯುವ ಜೀನುಗಳಲ್ಲಿ ವಿಷ ಕರಗಿಸುವ ಕಿಣ್ವಗಳದ್ದೂ ಇವೆ ಎಂದು ತೋರಿಸಿತು. ರಾತ್ರಿ ಚಟುವಟಿಕೆಯ ಪ್ರಾಣಿಯಲ್ಲಿ ಅದು ಆಶ್ಚರ್ಯವೇನಲ್ಲ. ಆದರೆ ಅದರ ಪರಿಣಾಮ ನೋಡಿ: ಒಂದು ಗುಂಪನ್ನು ಬೆಳಿಗ್ಗೆ ಹತ್ತಕ್ಕೂ ಇನ್ನೊಂದನ್ನು ಊಟ ಮುಗಿಸಿ ಬಂದು ಮೂರಕ್ಕೂ ಹೆಪ್ಪುಗಟ್ಟಿಸಿದರೆ, ನಿರೋಧಕತೆಯ ಹೆಸರಿನಲ್ಲಿ ನಾವು ಅಳೆಯುವುದು ಮಧ್ಯಾಹ್ನವನ್ನು. ಆದ್ದರಿಂದ ಎಲ್ಲ ಗುಂಪುಗಳೂ ಒಂದೇ ಹೊತ್ತಿಗೆ, ಸರದಿಯನ್ನು ಕಲೆಸಿ, ದ್ರವ ಸಾರಜನಕಕ್ಕೆ ಹೋಗಬೇಕು. ರಕ್ತದ ವಿಷಯವೂ ಹೀಗೆಯೇ. ಒಂದು ಹೊಟ್ಟೆ ರಕ್ತ ಕುಡಿದ ಹೆಣ್ಣಿನ ಕರುಳಿನಲ್ಲಿ ಜೀರ್ಣಕಿಣ್ವಗಳ ಜೀನುಗಳೂ, ಕೊಬ್ಬಿನ ಅಂಗಾಂಶದಲ್ಲಿ ಮೊಟ್ಟೆಯ ಪ್ರೋಟೀನಿನ ಜೀನುಗಳೂ ಒಂದೇ ದಿನದೊಳಗೆ ಎಷ್ಟು ಮೇಲೇರುತ್ತವೆಂದರೆ ಉಳಿದದ್ದೆಲ್ಲ ಮಂಕಾಗಿ ಕಾಣುತ್ತದೆ. ಮಂಜುಗಡ್ಡೆಯ ಮೇಲೆ ಮಲಗಿಸಿ ಗಂಡು ಹೆಣ್ಣು ಬೇರ್ಪಡಿಸುವಾಗಲೂ ಕೈ ಚುರುಕಾಗಿರಬೇಕು. ಚಳಿಯೇ ಒಂದು ಒತ್ತಡ, ಅದಕ್ಕೂ ಜೀನುಗಳು ಉತ್ತರಿಸುತ್ತವೆ.

ಆರ್‌ಎನ್‌ಎ ತೆಗೆಯುವ ಕ್ರಮ ಪಠ್ಯಪುಸ್ತಕಗಳಲ್ಲಿದೆ, ಅದನ್ನು ಬಿಡುತ್ತೇನೆ. ಒಂದು ಸಂಗತಿಯನ್ನು ಮಾತ್ರ ಹೇಳಲೇಬೇಕು, ಏಕೆಂದರೆ ಈ ಕ್ಷೇತ್ರಕ್ಕೆ ಬಂದ ಹೊಸಬರು ಇದರಿಂದ ಕಂಗಾಲಾಗುವುದನ್ನು ಪ್ರತಿ ವರ್ಷ ನೋಡುತ್ತೇನೆ. ಆರ್‌ಎನ್‌ಎ ಗಟ್ಟಿಯಾಗಿದೆಯೇ, ಚೂರಾಗಿದೆಯೇ ಎಂದು ನೋಡುವ ಯಂತ್ರ ಎರಡು ರೈಬೋಸೋಮ್ ಆರ್‌ಎನ್‌ಎಗಳ ಶಿಖರಗಳನ್ನು, ಅಂದರೆ 28ಎಸ್ ಮತ್ತು 18ಎಸ್‌ಗಳನ್ನು, ಹೋಲಿಸಿ ಒಂದರಿಂದ ಹತ್ತರವರೆಗೆ ಅಂಕ ಕೊಡುತ್ತದೆ. ಮನುಷ್ಯ, ಇಲಿಗಳ ಮಾದರಿಯಲ್ಲಿ ಎರಡು ಶಿಖರಗಳು ಸ್ಪಷ್ಟ. ಸೊಳ್ಳೆಯ ಮಾದರಿ ಹಾಕಿದರೆ ಒಂದೇ ಶಿಖರ ಎದ್ದು, ಯಂತ್ರ ಕನಿಷ್ಠ ಅಂಕ ಕೊಟ್ಟು ಬಿಡುತ್ತದೆ. ಮಾದರಿ ಕೆಟ್ಟಿರುವುದಿಲ್ಲ. ಕೀಟಗಳ 28ಎಸ್ ತುಂಡಿನ ನಡುವೆ ಹುಟ್ಟಿನಿಂದಲೇ ಒಂದು ಸೀಳು ಇರುತ್ತದೆ. ಎರಡು ಭಾಗಗಳು ದುರ್ಬಲ ಬಂಧಗಳಿಂದ ಅಂಟಿಕೊಂಡಿರುತ್ತವೆ. ಯಂತ್ರಕ್ಕೆ ಹಾಕುವ ಮುನ್ನ ಮಾದರಿಯನ್ನು ಕಾಯಿಸುವ ಪದ್ಧತಿಯಿದೆಯಲ್ಲ, ಆ ಬಿಸಿಗೆ ಬಂಧ ಬಿಟ್ಟು ಎರಡು ಅರ್ಧಗಳಾಗುತ್ತವೆ, ಎರಡೂ ಹೆಚ್ಚು ಕಡಿಮೆ 18ಎಸ್‌ನಷ್ಟೇ ಉದ್ದ. ಮೂರೂ ಒಂದೇ ಜಾಗಕ್ಕೆ ಓಡಿ ನಿಲ್ಲುತ್ತವೆ. ಕಾಯಿಸದೆ ಹಾಕಿದರೆ ಎರಡು ಶಿಖರಗಳು ಮರಳಿ ಬರುತ್ತವೆ. ಅಂಕ ನೋಡಬೇಡಿ, ಶಿಖರದ ಕೆಳಗಿನ ನೆಲ ಸಮತಟ್ಟಾಗಿದೆಯೇ ಎಂದು ನೋಡಿ ಎನ್ನುವುದು ನನ್ನ ಸಲಹೆ. ಹೊರಗಿನ ಸೀಕ್ವೆನ್ಸಿಂಗ್ ಸಂಸ್ಥೆಗಳಿಗೆ ಮಾದರಿ ಕಳಿಸುವಾಗ ಈ ವಿವರವನ್ನು ಪತ್ರದಲ್ಲಿ ಬರೆದು ಕಳಿಸುವುದು ಒಳ್ಳೆಯದು. ಒಳ್ಳೆಯ ಮಾದರಿಗಳನ್ನು ‘ಗುಣಮಟ್ಟವಿಲ್ಲ’ ಎಂಬ ಷರಾ ಬರೆದು ಹಿಂದಿರುಗಿಸಿದ ಪ್ರಸಂಗ ನಮಗಾಗಿದೆ.

ಮೊದಲ ಕೆಲವು ವರ್ಷ ನಾವು ಆರಿಸಿದ ಕೆಲವೇ ಜೀನುಗಳನ್ನು ಕ್ಯೂಪಿಸಿಆರ್‌ನಲ್ಲಿ, ಅಂದರೆ ಪ್ರತಿಗಳನ್ನು ಸುತ್ತು ಸುತ್ತಾಗಿ ಹೆಚ್ಚಿಸುತ್ತಾ ಅವು ಬೀರುವ ಬೆಳಕನ್ನು ನೋಡುವ ವಿಧಾನದಲ್ಲಿ, ಅಳೆಯುತ್ತಿದ್ದೆವು. ಪ್ರತಿ ಸುತ್ತಿಗೂ ಪ್ರತಿಗಳು ದುಪ್ಪಟ್ಟಾಗುವುದರಿಂದ ಒಂದು ಸುತ್ತು ಮೊದಲೇ ಬೆಳಗಿದರೆ ಎರಡು ಪಟ್ಟು, ಮೂರು ಸುತ್ತು ಮೊದಲಾದರೆ ಎಂಟು ಪಟ್ಟು. ಹೋಲಿಕೆಗೆ ಆಧಾರವಾಗಿ ಏರಿಳಿಯದ ಒಂದು ಜೀನು ಬೇಕು. ಸೊಳ್ಳೆಯವರೆಲ್ಲ ರೈಬೋಸೋಮ್ ಪ್ರೋಟೀನಿನ ಎಸ್7 ಜೀನನ್ನು ಬಳಸುತ್ತಾರೆ. ಅದು ನಮ್ಮ ಪ್ರಯೋಗದಲ್ಲೂ ಏರಿಳಿಯುವುದಿಲ್ಲ ಎಂದು ತೋರಿಸದೆ ಬಳಸುವವರೂ ಬಹಳ ಜನ. ಈಗ ಎಲ್ಲ ಆರ್‌ಎನ್‌ಎಯನ್ನೂ ಒಟ್ಟಿಗೆ ಓದುತ್ತೇವೆ. ಓದಿದ ತುಣುಕುಗಳನ್ನು ಕೂರಿಸಲು ಒಳ್ಳೆಯ ಜೀನೋಮ್ ನಕ್ಷೆ ಬೇಕು. ಗ್ಯಾಂಬಿಯೇ ಸೊಳ್ಳೆಯದ್ದು 2002ರಲ್ಲೇ ಬಂತು; ಸ್ಟೀಫನ್ಸಿಯದ್ದು 2014ರಲ್ಲಿ ತುಂಡು ತುಂಡಾಗಿ, 2021ರಲ್ಲಿ ವರ್ಣತಂತುಗಳ ಉದ್ದಕ್ಕೂ ಪೂರ್ಣವಾಗಿ. ಮರುವರ್ಷ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಅಂಡ್ ಸೊಸೈಟಿಯ ಸಂಶೋಧಕರೂ ಸೇರಿದ ತಂಡ ಭಾರತದ ತಳಿಗಳ ಜೀನೋಮ್‌ಗಳನ್ನು ಹೊರತಂದಾಗ ನಮಗೆ ದೊಡ್ಡ ಅನುಕೂಲವಾಯಿತು. ವಿಷ ಕರಗಿಸುವ ಪಿ450 ಕಿಣ್ವಗಳ ಜೀನುಗಳು ಅನಾಫಿಲಿಸ್‌ನಲ್ಲಿ ನೂರರ ಆಸುಪಾಸು ಇವೆ, ಅನೇಕವು ಅಕ್ಕಪಕ್ಕದಲ್ಲೇ ಸಾಲಾಗಿ ಕುಳಿತಿವೆ, ಒಂದರಂತೆ ಇನ್ನೊಂದು. ದೂರದ ತಳಿಯ ನಕ್ಷೆ ಇಟ್ಟುಕೊಂಡರೆ ಒಂದರ ತುಣುಕುಗಳು ಪಕ್ಕದ್ದರ ಲೆಕ್ಕಕ್ಕೆ ಹೋಗುತ್ತವೆ, ಇಲ್ಲವೇ ಯಾರ ಲೆಕ್ಕಕ್ಕೂ ಹೋಗುವುದಿಲ್ಲ.

ಕೊನೆಗೆ ಕೈಗೆ ಬರುವುದು ಒಂದು ಪಟ್ಟಿ. ಇಷ್ಟು ಜೀನುಗಳು ಮೇಲೆ, ಇಷ್ಟು ಕೆಳಗೆ. ನಮ್ಮ ಮಾದರಿಗಳಲ್ಲೂ ಕೆಲವು ಪಿ450ಗಳು ನಿರೀಕ್ಷೆಯಂತೆ ಮೇಲಿದ್ದವು, ಹೊರಚರ್ಮಕ್ಕೆ ಸಂಬಂಧಿಸಿದ ಕೆಲವು ಜೀನುಗಳೂ ಇದ್ದವು. ಇಷ್ಟಕ್ಕೇ ಪ್ರಬಂಧ ಬರೆದು ಮುಗಿಸುವ ಅಭ್ಯಾಸ ನಮ್ಮ ಕ್ಷೇತ್ರದಲ್ಲಿದೆ, ಅದು ನನಗೆ ಸರಿಬರುವುದಿಲ್ಲ. ಮೇಲಿರುವ ಜೀನು ಅಪರಾಧಿಯೇ ಆಗಿರಬೇಕಿಲ್ಲ, ಅಪರಾಧಿಯ ನೆರೆಮನೆಯವನಾಗಿರಬಹುದು. ಸಾಬೀತು ಮಾಡಲು ಜೀನನ್ನು ಅಡಗಿಸಿ ನೋಡಬೇಕು. ಆ ಜೀನಿಗೆ ಹೊಂದುವ ಜೋಡಿ ಎಳೆಯ ಆರ್‌ಎನ್‌ಎಯನ್ನು ತಯಾರಿಸಿ, ಕೂದಲಿನಷ್ಟು ತೆಳ್ಳಗೆ ಎಳೆದ ಗಾಜಿನ ಸೂಜಿಯಿಂದ ಸೊಳ್ಳೆಯ ಎದೆಗೂಡಿಗೆ ಚುಚ್ಚುತ್ತೇವೆ. ಸೂಜಿ ಸರಿಯಾಗಿ ಇಳಿದರೆ ಹೊಟ್ಟೆ ಒಂದಿಷ್ಟು ಉಬ್ಬುವುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಹನಿ ಹೊರಗೆ ಚಿಮ್ಮಿದರೆ ಆ ಸೊಳ್ಳೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೂಜಿಯ ಗಾಯವೇ ಸೊಳ್ಳೆಯನ್ನು ಬಳಲಿಸುವುದರಿಂದ, ಸೊಳ್ಳೆಯಲ್ಲಿ ಇಲ್ಲವೇ ಇಲ್ಲದ ಅಂಬಲಿ ಮೀನಿನ (ಜೆಲ್ಲಿಫಿಶ್) ಹಸಿರು ಪ್ರೋಟೀನಿನ ಜೀನಿಗೆ ಹೊಂದುವ ಆರ್‌ಎನ್‌ಎಯನ್ನು ಇನ್ನೊಂದು ಗುಂಪಿಗೆ ಚುಚ್ಚಿ ಹೋಲಿಸುತ್ತೇವೆ. ಎರಡು ಮೂರು ದಿನ ಬಿಟ್ಟು ಮತ್ತೆ ಅದೇ ಕೆಂಪು ಚುಕ್ಕೆಯ ಕೊಳವೆ. ಈಗ ಹೆಚ್ಚು ಸೊಳ್ಳೆಗಳು ಸತ್ತರೆ ಆ ಜೀನಿನ ಮೇಲೆ ಆರೋಪ ನಿಲ್ಲುತ್ತದೆ. ಪಟ್ಟಿಯ ಬಹಳಷ್ಟು ಹೆಸರುಗಳು ಇಲ್ಲಿಗೆ ಖುಲಾಸೆ.

ಈ ದಾರಿಯಲ್ಲಿ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಪಶ್ಚಿಮ ಆಫ್ರಿಕಾದ ಕೊಲುಜ್ಜಿ ಸೊಳ್ಳೆಗಳ ಮೇಲಿನ ಕೆಲಸ ನನಗೆ ಮಾದರಿ. ಲಿವರ್‌ಪೂಲ್‌ನ ತಂಡ 2020ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದನ್ನು ವಿವರಿಸಿತು. ಎಲ್ಲರೂ ವಿಷ ಕರಗಿಸುವ ಕಿಣ್ವಗಳ ಹಿಂದೆ ಬಿದ್ದಿದ್ದಾಗ ಅವರು ಕಾಲುಗಳಲ್ಲಿ ಹೆಚ್ಚಾಗಿರುವ ಎಸ್‌ಎಪಿ2 ಎಂಬ ಪುಟ್ಟ ಪ್ರೋಟೀನನ್ನು ಹಿಡಿದರು. ಸೊಳ್ಳೆ ಪರದೆಯನ್ನು ಮುಟ್ಟುವುದು ಕಾಲಿನಿಂದ ತಾನೇ? ವಿಷ ತಗುಲಿದ ಮೇಲೆ ಆ ಪ್ರೋಟೀನಿನ ಜೀನು ಇನ್ನಷ್ಟು ಚುರುಕಾಗುತ್ತದೆ, ಪ್ರೋಟೀನು ಪೈರೆಥ್ರಾಯ್ಡ್ ಅಣುವನ್ನು ಅಪ್ಪಿ ಹಿಡಿಯುತ್ತದೆ, ಜೀನನ್ನು ಅಡಗಿಸಿದರೆ ಸೊಳ್ಳೆ ಮತ್ತೆ ಸಾಯತೊಡಗುತ್ತದೆ. ಇಡೀ ಸೊಳ್ಳೆಯನ್ನು ಅರೆದು ಅಳೆಯುವಾಗ ಕಾಲಿನಲ್ಲಿ ನಡೆದದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗುತ್ತದೆ. ಅದನ್ನು ಓದಿದ ಮೇಲೆ ನಾವೂ ಕಾಲು, ಕರುಳು, ವಿಸರ್ಜನಾ ನಾಳಗಳನ್ನು ಬೇರೆ ಬೇರೆಯಾಗಿ ಬಿಡಿಸತೊಡಗಿದೆವು. ಬೇಸರದ ಕೆಲಸ, ಆದರೆ ಫಲವಿದೆ.

ಇದರಿಂದ ರೋಗ ನಿಯಂತ್ರಣಕ್ಕೆ ಏನು ಲಾಭ ಎಂದು ಆರೋಗ್ಯ ಇಲಾಖೆಯ ಸಭೆಗಳಲ್ಲಿ ಕೇಳುತ್ತಾರೆ, ಕೇಳಲೇಬೇಕು. ಅತ್ಯಂತ ನೇರವಾದ ಉತ್ತರ ಪಿಪರೋನಿಲ್ ಬ್ಯುಟಾಕ್ಸೈಡ್, ಚಿಕ್ಕದಾಗಿ ಪಿಬಿಒ. ತಾನಾಗಿ ಸೊಳ್ಳೆಯನ್ನು ಕೊಲ್ಲದ ಈ ವಸ್ತು ಪಿ450 ಕಿಣ್ವಗಳ ಕೈ ಕಟ್ಟಿಹಾಕುತ್ತದೆ. ಪಿ450ಗಳೇ ತೊಂದರೆಯ ಮೂಲ ಎಂದು ಅಭಿವ್ಯಕ್ತಿಯ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿದ ಮೇಲೆ ಪೈರೆಥ್ರಾಯ್ಡ್ ಜೊತೆಗೆ ಪಿಬಿಒ ಸೇರಿಸಿದ ಪರದೆಗಳಿಗೆ ಬಲವಾದ ಸಮರ್ಥನೆ ಸಿಕ್ಕಿತು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಷರತ್ತಿನ ಮೇಲೆ ಶಿಫಾರಸು ಮಾಡಿತು, ತಾಂಜಾನಿಯಾದಲ್ಲಿ ನಡೆದ ಪ್ರಯೋಗ ಅದರ ಉಪಯೋಗವನ್ನು ತೋರಿಸಿತು. ಇನ್ನೂ ಸೊಗಸಾದದ್ದು ಕ್ಲೋರ್‌ಫೆನಾಪಿರ್ ಎಂಬ ಕೀಟನಾಶಕದ ಕಥೆ. ಅದು ಸೊಳ್ಳೆಯ ಮೈಯೊಳಗೆ ಹೋಗಿ, ಅಲ್ಲಿನ ಪಿ450 ಕಿಣ್ವಗಳಿಂದಲೇ ಮಾರ್ಪಟ್ಟ ಮೇಲೆ ವಿಷವಾಗುತ್ತದೆ. ಪೈರೆಥ್ರಾಯ್ಡ್‌ನಿಂದ ಪಾರು ಮಾಡುವ ಕಿಣ್ವವೇ ಇಲ್ಲಿ ಸಾವು ತರುತ್ತದೆ. ಪೈರೆಥ್ರಾಯ್ಡ್ ಜೊತೆ ಕ್ಲೋರ್‌ಫೆನಾಪಿರ್ ಇರುವ ಪರದೆಗಳಿಗೆ 2023ರಲ್ಲಿ ಶಿಫಾರಸು ಸಿಕ್ಕಿತು. ಇಲ್ಲಿಂದ ಒಂದು ಎಚ್ಚರಿಕೆಯೂ ಹುಟ್ಟುತ್ತದೆ: ಪಿಬಿಒವನ್ನೂ ಕ್ಲೋರ್‌ಫೆನಾಪಿರ್ ಅನ್ನೂ ಒಂದೇ ಮನೆಯಲ್ಲಿ ತಂದಿಟ್ಟರೆ ಒಂದು ಇನ್ನೊಂದರ ಕಾಲೆಳೆಯಬಹುದು. ಯಾವ ಜೀನು ಏನು ಮಾಡುತ್ತಿದೆ ಎಂದು ತಿಳಿಯದೆ ಇಂಥ ಮಾತು ಹೊಳೆಯುವುದೇ ಇಲ್ಲ.

ಆದರೆ ಮಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಪರದೆ ಕಟ್ಟಿ ಮಲಗುವವರು ಎಷ್ಟು ಮಂದಿ? ಸ್ಟೀಫನ್ಸಿ ಸಂಜೆಯೇ ಕಚ್ಚಲು ಶುರುಮಾಡುತ್ತದೆ, ಜನ ಮಲಗುವವರೆಗೆ ಕಾಯುವುದಿಲ್ಲ. ನಗರದಲ್ಲಿ ನಿಜವಾದ ಹೋರಾಟ ನೀರಿನ ತೊಟ್ಟಿಯಲ್ಲೇ: ಮುಚ್ಚಳ, ವಾರಕ್ಕೊಮ್ಮೆ ಖಾಲಿ ಮಾಡುವುದು, ಬಾವಿಗೆ ಗಪ್ಪಿ ಮೀನು, ಮರಿಗಳನ್ನು ಕೊಲ್ಲುವ ಬಿಟಿಐ ಬ್ಯಾಕ್ಟೀರಿಯಾದ ಪುಡಿ, ಟೆಮೆಫಾಸ್. ಒಂದು ಬಿಗಿಯಾದ ಮುಚ್ಚಳ ನನ್ನ ಸೀಕ್ವೆನ್ಸಿಂಗ್ ಬಿಲ್ಲಿಗಿಂತ ಹೆಚ್ಚು ಜ್ವರ ತಪ್ಪಿಸುತ್ತದೆ ಎಂದು ಹೇಳಲು ನನಗೆ ಮುಜುಗರವಿಲ್ಲ. ನಮ್ಮ ಕೆಲಸ ಉಪಯೋಗಕ್ಕೆ ಬರುವುದು ರಾಸಾಯನಿಕ ಕೊಳ್ಳುವ ನಿರ್ಧಾರದಲ್ಲಿ. ಯಾವುದನ್ನು ಕೈಬಿಡಬೇಕು, ಯಾವುದನ್ನು ಎಷ್ಟು ವರ್ಷ ವಿಶ್ರಾಂತಿಗೆ ಬಿಡಬೇಕು ಎನ್ನುವಾಗ ‘ಸಾಯುತ್ತಿಲ್ಲ’ ಎಂಬ ಮಾತು ಸಾಲದು. ಡಿಡಿಟಿ, ಪೈರೆಥ್ರಾಯ್ಡ್ ಎರಡೂ ಹೋಗಿ ಹಿಡಿಯುವ ನರಕೋಶದ ಸೋಡಿಯಂ ದ್ವಾರದ ಜೀನಿನಲ್ಲೇ ಮಾರ್ಪಾಡಾಗಿದ್ದರೆ ಅವೆರಡೂ ಒಟ್ಟಿಗೆ ಕೈಕೊಡುತ್ತವೆ, ಪಿಬಿಒ ಸೇರಿಸಿದರೂ ಹೆಚ್ಚು ಪ್ರಯೋಜನವಿಲ್ಲ. ಕಿಣ್ವ ಹೆಚ್ಚಾಗಿದ್ದರೆ ಪಿಬಿಒಗೆ ಬೆಲೆಯಿದೆ. ಟೆಮೆಫಾಸ್ ವಿಷಯದಲ್ಲಿ ನೋಡಬೇಕಾದ ಕಿಣ್ವಗಳೇ ಬೇರೆ, ಎಸ್ಟರೇಸ್‌ಗಳು.

ಜಿಲ್ಲಾ ಮಟ್ಟದಲ್ಲಿ ಇದನ್ನು ತಿಳಿಯಲು ಆರ್‌ಎನ್‌ಎ ಬೇಕಾಗಿಲ್ಲ ಎಂದು ನಾನೇ ಎಲ್ಲ ಕಡೆ ಹೇಳುತ್ತೇನೆ. 4 ಶೇಕಡಾ ಪಿಬಿಒ ಕಾಗದದ ಮೇಲೆ ಒಂದು ಗಂಟೆ ಇಟ್ಟು, ನಂತರ ಡೆಲ್ಟಾಮೆಥ್ರಿನ್ ಕಾಗದಕ್ಕೆ ದಾಟಿಸಿ. ಮೊದಲು ಉಳಿಯುತ್ತಿದ್ದವು ಈಗ ಸತ್ತರೆ ಪಿ450ಗಳ ಕೈವಾಡ. ಅರ್ಧಂಬರ್ಧ ಸತ್ತರೆ ಜೊತೆಗೆ ಬೇರೆ ಕಾರಣವೂ ಇದೆ. ಕೊಳವೆ, ಕಾಗದ, ಒಬ್ಬ ತರಬೇತಾದ ಕೀಟಶಾಸ್ತ್ರ ಸಹಾಯಕರು, ಎರಡು ದಿನ. ಆರ್‌ಎನ್‌ಎ ಓದಿಸಬೇಕಾದದ್ದು ಈ ಪರೀಕ್ಷೆಯ ಉತ್ತರ ಅರ್ಥವಾಗದಿದ್ದಾಗ.

ಅಭಿವ್ಯಕ್ತಿಯ ಅಧ್ಯಯನಕ್ಕೆ ಇನ್ನೊಂದು ದೊಡ್ಡ ಬಳಕೆಯಿದೆ, ಅದು ನನ್ನ ಕ್ಷೇತ್ರವಲ್ಲವಾದ್ದರಿಂದ ಎರಡು ಮಾತು ಸಾಕು. ಹೆಣ್ಣು ರಕ್ತ ಕುಡಿದಾಗ ಮಾತ್ರ ಎದ್ದೇಳುವ ಜೀನುಗಳು ಯಾವುವು ಎಂದು ಗೊತ್ತಾದರೆ, ಅವುಗಳ ಚಾಲಕ ಭಾಗವನ್ನು ಎರವಲು ಪಡೆದು, ಮಲೇರಿಯಾ ಪರೋಪಜೀವಿಯನ್ನು ತಡೆಯುವ ಪ್ರತಿಕಾಯದ ಜೀನನ್ನು ಅದಕ್ಕೆ ಜೋಡಿಸಬಹುದು. ಪರೋಪಜೀವಿ ಒಳಬರುವ ಹೊತ್ತಿಗೆ ಕಾವಲೂ ಸಿದ್ಧವಾಗುತ್ತದೆ. ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು 2015ರಲ್ಲಿ ಇಂಥ ಜೀನುಗಳನ್ನು ಜೀನ್ ಡ್ರೈವ್ ಮೂಲಕ, ಅಂದರೆ ಒಂದು ಜೀನು ಬಹುತೇಕ ಎಲ್ಲ ಮಕ್ಕಳಿಗೂ ದಾಟುವಂತೆ ಮಾಡುವ ತಂತ್ರದಿಂದ, ಮುಂದಿನ ಪೀಳಿಗೆಗೆ ಹರಡಿ ತೋರಿಸಿದ್ದು ನಮ್ಮ ಇದೇ ಸ್ಟೀಫನ್ಸಿಯಲ್ಲಿ. ಅದು ಪಂಜರದೊಳಗಿನ ವಿದ್ಯೆ. ಹೊರಗೆ ಬಿಡುವ ಪ್ರಶ್ನೆ ವಿಜ್ಞಾನಿಗಳು ಮಾತ್ರ ತೀರ್ಮಾನಿಸುವಂಥದ್ದಲ್ಲ.

ಸ್ಟೀಫನ್ಸಿ ಈಗ ನಮ್ಮ ಊರಿನ ತಲೆನೋವಾಗಿ ಮಾತ್ರ ಉಳಿದಿಲ್ಲ. 2012ರಲ್ಲಿ ಜಿಬೂಟಿಯಲ್ಲಿ ಕಾಣಿಸಿತು, 2016ರಲ್ಲಿ ಇಥಿಯೋಪಿಯಾದಲ್ಲಿ, ಆಮೇಲೆ ಸುಡಾನ್, ಸೊಮಾಲಿಯಾ, ನೈಜೀರಿಯಾ, ಕೀನ್ಯಾ. ಮಲೇರಿಯಾ ಎಂದರೆ ಹಳ್ಳಿಯ ರೋಗ ಎಂದುಕೊಂಡಿದ್ದ ಕಡೆ ಅದು ನೀರಿನ ಡ್ರಮ್ಮುಗಳಲ್ಲಿ ಹುಟ್ಟಿ ನಗರಕ್ಕೆ ಜ್ವರ ತಂದಿದೆ. 2022ರಲ್ಲಿ ಇಥಿಯೋಪಿಯಾದ ದಿರೆ ದಾವಾ ನಗರದಲ್ಲಿ ಹಬ್ಬಿದ ಮಲೇರಿಯಾದ ಹಿಂದೆ ಇದೇ ಸೊಳ್ಳೆಯಿತ್ತು. ಅಲ್ಲಿನ ಸೊಳ್ಳೆಗಳು ಒಂದಲ್ಲ, ಹಲವು ಗುಂಪುಗಳ ಕೀಟನಾಶಕಗಳಿಗೆ ಬಗ್ಗುತ್ತಿಲ್ಲ.

ದೂರದ ಊರುಗಳಿಂದ ಮಾದರಿ ತರಿಸುವ ಮಾತು ಬಂದಾಗ ನಮ್ಮ ವಿಧಾನದ ದೌರ್ಬಲ್ಯ ಎದ್ದು ಕಾಣುತ್ತದೆ. ದ್ರವ ಸಾರಜನಕದ ಪೀಪಾಯಿಯನ್ನು ಶಿರಾಡಿ ಘಾಟಿ ಹತ್ತಿಸುವುದೇ ಒಂದು ಸಾಹಸ, ಮಳೆಗಾಲದಲ್ಲಿ ರಸ್ತೆ ಕುಸಿದರೆ ಕೇಳುವುದೇ ಬೇಡ. ಇದಕ್ಕೆ ದಾರಿ ತೋರಿಸಿದ್ದು ಆಫ್ರಿಕಾದ ದಕ್ಷಿಣ ಭಾಗದ ಫ್ಯುನೆಸ್ಟಸ್ ಸೊಳ್ಳೆ. ಅದರಲ್ಲಿ ಸಿವೈಪಿ6ಪಿ9ಎ ಎಂಬ ಪಿ450 ಜೀನು ಅತಿಯಾಗಿ ದುಡಿಯುವುದಕ್ಕೆ ಕಾರಣವಾದ ಡಿಎನ್‌ಎ ಮಾರ್ಪಾಡನ್ನು, ಜೀನಿನ ಪಕ್ಕದ ನಿಯಂತ್ರಕ ಭಾಗದಲ್ಲೇ ಗುರುತಿಸಿ 2019ರಲ್ಲಿ ಪ್ರಕಟಿಸಿದರು. ಇನ್ನು ಅಲ್ಲಿ ಆರ್‌ಎನ್‌ಎ ಅಳೆಯಬೇಕಿಲ್ಲ. ಸತ್ತು ಒಣಗಿದ ಸೊಳ್ಳೆಯ ಒಂದು ಕಾಲು ಸಾಕು, ಸಾಧಾರಣ ಪಿಸಿಆರ್ ಉತ್ತರ ಹೇಳುತ್ತದೆ.

ಸ್ಟೀಫನ್ಸಿಗೂ ಅಂಥದ್ದೊಂದು ಗುರುತು ಹುಡುಕುವುದು ಈಗ ನಾವು ಹಿಡಿದಿರುವ ಕೆಲಸ. ಅದಕ್ಕಾಗಿ ಪ್ರತಿ ಮಾದರಿಯನ್ನೂ ಎರಡು ಪಾಲು ಮಾಡುತ್ತೇವೆ. ಒಂದು ಪಾಲಿನ ಆರ್‌ಎನ್‌ಎ ಓದಿ ಯಾವ ಜೀನು ಮೇಲಿದೆ ಎಂದು ನೋಡುತ್ತೇವೆ. ಇನ್ನೊಂದು ಪಾಲಿನಲ್ಲಿ, ಸತ್ತವುಗಳನ್ನೂ ಸೇರಿಸಿ, ಆ ಜೀನಿನ ಸುತ್ತಲಿನ ಡಿಎನ್‌ಎಯನ್ನು ಓದಿ, ಬದುಕಿದವುಗಳಲ್ಲಿ ಮಾತ್ರ ಮತ್ತೆ ಮತ್ತೆ ಕಾಣುವ ಬದಲಾವಣೆ ಯಾವುದೆಂದು ಹುಡುಕುತ್ತೇವೆ. ಹೋದ ಮಳೆಗಾಲದಿಂದ ಮಂಗಳೂರಿನ ಕಾರ್ಯಕರ್ತರಿಗೆ ಪೀಪಾಯಿಯ ಬದಲು ಎಥೆನಾಲ್ ತುಂಬಿದ ಪುಟ್ಟ ಸೀಸೆಗಳನ್ನು ಕೊಟ್ಟಿದ್ದೇವೆ. ಪ್ರತಿ ಸೀಸೆಯ ಮೇಲೆ ಪೆನ್ಸಿಲ್ಲಿನಿಂದ ವಾರ್ಡ್, ತೊಟ್ಟಿಯ ಬಗೆ, ದಿನಾಂಕ ಬರೆಯಬೇಕು. ಪೆನ್ಸಿಲ್ಲೇ ಆಗಬೇಕು, ಪೆನ್ನಿನ ಶಾಯಿ ಎಥೆನಾಲಿಗೆ ಅಳಿಸಿಹೋಗುತ್ತದೆ.